ಔಷಧಕ್ಕೆ ಮಣಿಯದ ರೋಗಾಣುಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಇಂದು ತಾಯಂದಿರಾಗಿರುವರು. ಮಗುವಿಗೆ ಜ್ವರ ಬಂದ ರಾತ್ರಿ, ಹಿಂದಿನ ಕಾಯಿಲೆಯಲ್ಲಿ ಉಳಿದ ಗುಳಿಗೆಗಳ ಕಡೆಗೆ ಅನೇಕರ ಕೈ ಚಾಚುವುದು ಸಹಜವೇ. ಆ ಗುಳಿಗೆಗಳ ವಿಷಯವಾಗಿ ಪಾಲಕರಿಗೂ ಭಗಿನಿಯರಿಗೂ ಎರಡು ಮಾತುಗಳನ್ನು ತಿಳಿಸಬಯಸುತ್ತೇವೆ.

ಟೈಫಾಯ್ಡ್ ಎನ್ನಿಸಿಕೊಳ್ಳುವ ವಿಷಮಶೀತಜ್ವರವು ಕಲುಷಿತವಾದ ನೀರು ಮತ್ತು ಆಹಾರಗಳಿಂದ ಹಬ್ಬುವುದು. ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕ ಔಷಧವು ಇದನ್ನು ಗುಣಪಡಿಸುವುದೆಂದು 1948ರಲ್ಲಿ ತಿಳಿದುಬಂದಾಗ ಅನೇಕರ ಪ್ರಾಣವುಳಿಯುವಂತಾಯಿತು. ಆದರೆ 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಆ ಔಷಧಕ್ಕೆ ಮಣಿಯದ ವಿಷಮಶೀತಜ್ವರವು ಕಾಣಿಸಿಕೊಂಡಿತು. ತರುವಾಯ ಬಂದ ಸಿಪ್ರೊಫ್ಲಾಕ್ಸಾಸಿನ್ ಸಹ ನಮ್ಮ ದೇಶದಲ್ಲಿ ಈ ಜ್ವರಕ್ಕೆ ಬಹುಮಟ್ಟಿಗೆ ನಿಷ್ಫಲವಾಗಿದೆ.

ಹೀಗಾಗಲು ಕಾರಣವೇನು? ಕೋಟ್ಯವಧಿ ರೋಗಾಣುಗಳಲ್ಲಿ ಕೆಲವು ಔಷಧವನ್ನು ತಾಳಿಕೊಳ್ಳುವ ಗುಣವುಳ್ಳವುಗಳಾಗಿರಬಹುದು. ಔಷಧವು ಮಿಕ್ಕವುಗಳನ್ನು ಕೊಂದಾಗ ಇವು ಉಳಿದು ವೃದ್ಧಿಹೊಂದುವುವು. ಒಕ್ಕಲಿಗನು ಪುಷ್ಟವಾದ ಜೋಳದ ತೆನೆಯನ್ನು ಬೀಜಕ್ಕೆಂದು ಕಾದಿಡುವಂತೆ, ಅನಾವಶ್ಯಕವಾಗಿ ಔಷಧ ಸೇವಿಸುವವರು ಬಲಿಷ್ಠವಾದ ರೋಗಾಣುಗಳನ್ನೇ ಆರಿಸಿ ಬೆಳೆಸಿದಂತಾಗುವುದು. ಅಲ್ಲದೆ ಒಂದು ರೋಗಾಣುವು ಈ ಗುಣವನ್ನು ಮತ್ತೊಂದಕ್ಕೆ ದಾಟಿಸಬಲ್ಲದು. ಆದುದರಿಂದ ಒಂದು ಮನೆಯ ತಪ್ಪಿನ ಫಲವನ್ನು ನೆರೆಮನೆಯ ಕೂಸು ಅನುಭವಿಸಬೇಕಾದೀತು.

ರೋಗವೇ ಬಾರದಿದ್ದರೆ ಔಷಧವೂ ಬೇಡ. ಇದಕ್ಕೆ ನಮ್ಮ ಅವಳಿ ನಗರವೇ ಸಾಕ್ಷಿ. ಹುಬ್ಬಳ್ಳಿ-ಧಾರವಾಡದ ಎಂಟು ವಾರ್ಡುಗಳಿಗೆ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಒದಗಿಸಲಾಯಿತು. ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳೊಡನೆ ಇವುಗಳನ್ನು ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ನಿರಂತರ ನೀರುಳ್ಳ ವಾರ್ಡುಗಳಲ್ಲಿ ವಿಷಮಶೀತಜ್ವರ ಬಂತೆಂದು ಹೇಳಿದ ಮನೆಗಳು ಶೇಕಡಾ 40ರಷ್ಟು ಕಡಿಮೆಯಿದ್ದವು. ನೀರಿಲ್ಲದೆ ಒತ್ತಡ ಕುಗ್ಗಿದ ಕೊಳವೆಯೊಳಕ್ಕೆ ಬಿರುಕುಗಳಿಂದ ಹೊಲಸು ಸೇರಬಲ್ಲದು.

ಆದಕಾರಣ ಕುಡಿಯುವ ನೀರನ್ನು ಕುದಿಸಿ ಮುಚ್ಚಿಡಿರಿ. ಅಡಿಗೆಗೆ ಮುಂಚೆಯೂ ಶೌಚದ ತರುವಾಯವೂ ಸಾಬೂನಿನಿಂದ ಕೈ ತೊಳೆಯಿರಿ. ಮಕ್ಕಳಿಗೆ ಟೈಫಾಯ್ಡ್ ಲಸಿಕೆಯ ವಿಷಯವಾಗಿ ವೈದ್ಯರನ್ನು ಕೇಳಿರಿ. ಸಾಮಾನ್ಯ ನೆಗಡಿಗೆ ಪ್ರತಿಜೀವಕವನ್ನು ಕೊಡಬೇಡಿರಿ. ಅದು ವೈರಸ್ಸುಗಳನ್ನು ಕೊಲ್ಲಲಾರದು. ಕೆಂಪು ಗೆರೆಯುಳ್ಳ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿರಿ. ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿಯೇ ಸೇವಿಸಿರಿ. ಒಬ್ಬರ ಔಷಧವನ್ನು ಇನ್ನೊಬ್ಬರಿಗೆ ಹಂಚಬೇಡಿರಿ.

ಈ ಔಷಧಗಳು ನಮ್ಮೊಬ್ಬರ ಸೊತ್ತಲ್ಲ. ಮುಂದಿನ ಮಕ್ಕಳಿಗಾಗಿಯೂ ದೇವರು ನಮ್ಮ ವಶಕ್ಕೆ ಒಪ್ಪಿಸಿದ ನಿಧಿ. ನಂಬಿಗಸ್ತರಾದ ಮನೆವಾರ್ತೆಯವರಂತೆ ಅವುಗಳನ್ನು ಕಾಪಾಡೋಣ.