ಸಣ್ಣ ಕಚೇರಿಗೆ ಸರ್ವರ್: ಖರೀದಿಗೆ ಮುನ್ನ ವಿಚಾರಿಸಬೇಕಾದ ಸಂಗತಿಗಳು

ಐದರಿಂದ ಹತ್ತು ಗಣಕಯಂತ್ರಗಳಿರುವ ಕಚೇರಿಗೆ ಸರ್ವರ್ ಬೇಕೆಂದಾಗ ಮಾರಾಟಗಾರರು ನೀಡುವ ಕೊಟೇಶನ್ನಿನಲ್ಲಿ ಪ್ರೊಸೆಸರಿನ ಹೆಸರು, ಮೆಮರಿಯ ಗಾತ್ರ, ಡಿಸ್ಕಿನ ಸಾಮರ್ಥ್ಯ ಇವೇ ಎದ್ದು ಕಾಣುತ್ತವೆ. ವ್ಯಾಪಾರಸ್ಥರು ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯದು. ಇಂದು ರಾತ್ರಿ ಈ ಡಿಸ್ಕ್ ಕೆಟ್ಟರೆ ನಾಳೆ ಎಷ್ಟು ಗಂಟೆಗೆ ಬಿಲ್ ಹಾಕಲು ಸಾಧ್ಯವಾಗುತ್ತದೆ? ಎಷ್ಟು ದಿನಗಳ ಲೆಕ್ಕವನ್ನು ಮತ್ತೊಮ್ಮೆ ಬರೆಯಬೇಕಾಗುತ್ತದೆ? ಇದಕ್ಕೆ ಲಿಖಿತ ಉತ್ತರ ಪಡೆದ ನಂತರವೇ ದರದ ಮಾತನಾಡುವುದು ಲೇಸು.

ಲೆಕ್ಕಪತ್ರಗಳನ್ನು ಕಾಪಾಡುವುದು ಕಾನೂನಿನ ಹೊಣೆಯೂ ಆಗಿದೆ. ಜಿಎಸ್‌ಟಿ ಕಾಯ್ದೆಯ ೩೬ನೇ ಕಲಮಿನಂತೆ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕಡೆಯ ದಿನಾಂಕದಿಂದ ೭೨ ತಿಂಗಳವರೆಗೆ ಲೆಕ್ಕಪುಸ್ತಕಗಳನ್ನು ಇಟ್ಟುಕೊಂಡಿರಬೇಕು. ೨೦೨೩-೨೪ರ ಲೆಕ್ಕವು ೨೦೩೦ರ ಡಿಸೆಂಬರ್ ಅಂತ್ಯದವರೆಗೆ ಸುರಕ್ಷಿತವಾಗಿರಬೇಕೆಂದಾಯಿತು. ಹಾರ್ಡ್ ಡಿಸ್ಕುಗಳಿಗೆ ದೊರೆಯುವ ವಾರಂಟಿಯಾದರೋ ಸಾಮಾನ್ಯವಾಗಿ ಎರಡರಿಂದ ಐದು ವರ್ಷ. ಅಂದರೆ ಲೆಕ್ಕವು ಡಿಸ್ಕಿಗಿಂತ ಹೆಚ್ಚು ಕಾಲ ಬಾಳಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಇನ್ನೂ ಎರಡು ನಿಯಮಗಳಿವೆ: ೨೦೨೩ರ ಏಪ್ರಿಲ್ ೧ರಿಂದ ಪ್ರತಿಯೊಂದು ತಿದ್ದುಪಡಿಯ ದಾಖಲೆಯನ್ನು ಉಳಿಸುವ ಲೆಕ್ಕದ ತಂತ್ರಾಂಶವನ್ನೇ ಬಳಸಬೇಕು, ೨೦೨೨ರ ಆಗಸ್ಟ್ ತಿದ್ದುಪಡಿಯಂತೆ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದಲ್ಲಿಯೇ ಇರುವ ಸರ್ವರಿನಲ್ಲಿ ಇರಬೇಕು.

ಉದಾಹರಣೆಗೆ ಗೋಪನಕೊಪ್ಪದಲ್ಲಿ ಮನೆಯ ಕೆಳ ಅಂತಸ್ತಿನಲ್ಲಿಯೇ ಕಚೇರಿ, ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಚಿಕ್ಕ ಕಾರ್ಖಾನೆ ಇರುವ ಉದ್ದಿಮೆದಾರರೊಬ್ಬರನ್ನು ಊಹಿಸಿಕೊಳ್ಳೋಣ. ಆರು ಗಣಕಯಂತ್ರಗಳು, ಟ್ಯಾಲಿ, ಒಂದಿಷ್ಟು ನಕ್ಷೆಗಳು, ಪತ್ರವ್ಯವಹಾರ. ಈ ಕೆಲಸಕ್ಕೆ ಇಂದಿನ ಯಾವ ಪ್ರೊಸೆಸರ್ ಆದರೂ ಸಾಕು; ಅಲ್ಲಿ ಹಣ ಸುರಿಯಬೇಕಾಗಿಲ್ಲ. ದೋಷವನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮರಿ, ಒಂದರ ಪ್ರತಿಯನ್ನು ಇನ್ನೊಂದು ಇಟ್ಟುಕೊಳ್ಳುವ ಎರಡು ಡಿಸ್ಕುಗಳು, ಮರುದಿನವೇ ಸ್ಥಳಕ್ಕೆ ಬಂದು ದುರಸ್ತಿ ಮಾಡುವ ವಾರಂಟಿ ಇವುಗಳಿಗೆ ಖರ್ಚು ಮಾಡುವುದು ಉಚಿತ.

ಬಳಸಿದ ರ್‍ಯಾಕ್ ಸರ್ವರುಗಳು ಅಗ್ಗದ ದರದಲ್ಲಿ ಸಿಗುವುದುಂಟು. ಅವುಗಳ ಚಿಕ್ಕ ಫ್ಯಾನುಗಳ ಸದ್ದಿನಲ್ಲಿ ಗಿರಾಕಿಯೊಡನೆ ಮಾತನಾಡುವುದೇ ಕಷ್ಟ. ಕರೆಂಟಿನ ಲೆಕ್ಕವನ್ನೂ ನೋಡಬೇಕು. ಹಗಲಿರುಳು ೧೫೦ ವ್ಯಾಟ್ ಎಳೆಯುವ ಯಂತ್ರವು ವರ್ಷಕ್ಕೆ ಸುಮಾರು ೧,೩೦೦ ಯುನಿಟ್ ಬಳಸುತ್ತದೆ. ೪೦ ವ್ಯಾಟಿನ ಚಿಕ್ಕ ಟವರ್ ಸರ್ವರ್ ಸುಮಾರು ೩೫೦ ಯುನಿಟ್. ಈ ವ್ಯತ್ಯಾಸವನ್ನು ಹೆಸ್ಕಾಂ ಬಿಲ್ಲಿನ ದರದಿಂದ ಗುಣಿಸಿ ನೋಡಿದರೆ ಅಗ್ಗದ ಮಾಲು ಎಷ್ಟು ಅಗ್ಗ ಎಂಬುದು ತಿಳಿಯುತ್ತದೆ.

ಕರೆಂಟ್ ಹೋಗುವ ಕ್ಷಣವೇ ದತ್ತಾಂಶಕ್ಕೆ ಹೆಚ್ಚಿನ ಅಪಾಯ. ಮನೆಯ ಇನ್ವರ್ಟರ್ ಬದಲಾವಣೆಗೊಳ್ಳುವ ಅಲ್ಪ ವಿಳಂಬದಲ್ಲಿಯೇ ಗಣಕಯಂತ್ರವು ಆರಿ ಮತ್ತೆ ಹೊತ್ತಿಕೊಳ್ಳಬಹುದು. ಆ ಹೊತ್ತಿಗೆ ವೋಚರ್ ಬರೆಯುತ್ತಿದ್ದರೆ ಕಡತ ಕೆಡುವ ಸಂಭವವಿದೆ. ಆದುದರಿಂದ ಸರ್ವರಿಗೆ ಪ್ರತ್ಯೇಕ ಯುಪಿಎಸ್ ಇರಲಿ. ಯುಪಿಎಸ್ ಜೊತೆ ಬರುವ ಯುಎಸ್‌ಬಿ ಕೇಬಲ್ಲನ್ನು ಬಹಳಷ್ಟು ಕಡೆ ಪೆಟ್ಟಿಗೆಯಲ್ಲಿಯೇ ಬಿಟ್ಟಿರುತ್ತಾರೆ. ಅದನ್ನು ಸರ್ವರಿಗೆ ಜೋಡಿಸಿ ಅದರ ತಂತ್ರಾಂಶವನ್ನು ಹಾಕಿದರೆ, ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನಾಗಿ ಕ್ರಮಬದ್ಧವಾಗಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ನೆಟ್‌ವರ್ಕ್ ಸ್ವಿಚ್ಚಿಗೂ ಅದೇ ಯುಪಿಎಸ್‌ನಿಂದ ಕರೆಂಟ್ ಕೊಡಬೇಕು. ಲೆಕ್ಕ ಬರೆಯುವ ಯಂತ್ರಗಳಿಗೆ ವೈಫೈ ಬದಲು ತಂತಿಯ ಜೋಡಣೆಯೇ ಸೂಕ್ತ.

ತಂತ್ರಾಂಶದ ವಿಷಯದಲ್ಲಿ ಲೈಸೆನ್ಸಿನ ಲೆಕ್ಕವೇ ಮುಖ್ಯ. ಟ್ಯಾಲಿ ಪ್ರೈಮ್ ಸಿಲ್ವರ್ ಒಬ್ಬ ಬಳಕೆದಾರರಿಗೆ; ಒಂದೇ ಜಾಲದಲ್ಲಿ ಹಲವರು ಬರೆಯಬೇಕಾದರೆ ಗೋಲ್ಡ್ ಬೇಕು. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಆವೃತ್ತಿಗೆ ಯಂತ್ರದಲ್ಲಿ ಎಷ್ಟೇ ಕಡಿಮೆ ಕೋರ್‌ಗಳಿದ್ದರೂ ಕನಿಷ್ಠ ೧೬ ಕೋರ್‌ಗಳ ಲೈಸೆನ್ಸ್ ಕೊಳ್ಳಬೇಕು. ಅದರ ಮೇಲೆ ಪ್ರತಿ ಬಳಕೆದಾರರಿಗೆ ಅಥವಾ ಯಂತ್ರಕ್ಕೆ ಕ್ಲೈಂಟ್ ಲೈಸೆನ್ಸ್. ಕಾರ್ಖಾನೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹಲವರು ಏಕಕಾಲಕ್ಕೆ ಕೆಲಸ ಮಾಡುವುದಾದರೆ ಅದಕ್ಕೆ ಮತ್ತೊಂದು ಲೈಸೆನ್ಸ್. ಕೊಟೇಶನ್ನಿನಲ್ಲಿ ಇವು ಮೂರೂ ಬೇರೆ ಬೇರೆ ಸಾಲಿನಲ್ಲಿ ಕಾಣದಿದ್ದರೆ ಕೇಳಿ ತಿಳಿದುಕೊಳ್ಳಬೇಕು. ಬರೀ ಕಡತ ಮತ್ತು ಪ್ರಿಂಟರ್ ಹಂಚಿಕೆಗಾದರೆ ವಿಂಡೋಸ್ ೧೧ ಪ್ರೊ ಯಂತ್ರವೊಂದೇ ೨೦ ಸಾಧನಗಳವರೆಗೆ ಸಾಕಾಗುತ್ತದೆ. ನಮ್ಮ ಆರು ಯಂತ್ರಗಳ ಕಚೇರಿಗೆ ಇದೇ ಮಿತವ್ಯಯದ ದಾರಿ.

ಲಿನಕ್ಸ್ ಮತ್ತು ಸಾಂಬಾ ತಂತ್ರಾಂಶಗಳಿಗೆ ಲೈಸೆನ್ಸ್ ಶುಲ್ಕವಿಲ್ಲ. ಆದರೆ ಅದನ್ನು ಬಲ್ಲವರು ಕರೆದಾಗ ಬರುವಂತಿರಬೇಕು. ಉಚಿತವಾದುದಕ್ಕೂ ಆಯುಷ್ಯವುಂಟು. ೨೦೨೯ರವರೆಗೆ ಬೆಂಬಲವಿರುವುದೆಂದು ನಂಬಲಾಗಿದ್ದ ಸೆಂಟ್‌ಒಎಸ್ ೮, ೨೦೨೧ರ ಡಿಸೆಂಬರ್‌ನಲ್ಲಿಯೇ ನಿಂತಿತು. ವಿಂಡೋಸ್ ಸರ್ವರ್ ೨೦೧೨ ಆರ್೨ರ ಬೆಂಬಲ ೨೦೨೩ರ ಅಕ್ಟೋಬರ್‌ನಲ್ಲಿ ಮುಗಿದಿದೆ. ಹಳೆಯ ಆವೃತ್ತಿಯನ್ನು ರಿಯಾಯಿತಿಯಲ್ಲಿ ಕೊಡುವೆವೆಂದರೆ ಒಪ್ಪಬಾರದು.

ಎರಡು ಡಿಸ್ಕುಗಳಿದ್ದ ಮಾತ್ರಕ್ಕೆ ಬ್ಯಾಕಪ್ ಇದ್ದಂತಲ್ಲ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿಯೂ ಆ ಕ್ಷಣವೇ ಅಳಿಯುತ್ತದೆ. ೨೦೧೭ರ ಮೇ ತಿಂಗಳಿನಲ್ಲಿ ಹರಡಿದ ವಾನ್ನಾಕ್ರೈ ವಿಂಡೋಸ್‌ನ ಕಡತ ಹಂಚಿಕೆಯ ದೋಷವನ್ನೇ ಬಳಸಿ ಯಂತ್ರದಿಂದ ಯಂತ್ರಕ್ಕೆ ಹೋಯಿತು. ಮೈಕ್ರೋಸಾಫ್ಟ್ ಅದರ ಪರಿಹಾರವನ್ನು ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ಸದಾ ಜೋಡಿಸಿಯೇ ಇಟ್ಟ ಬ್ಯಾಕಪ್ ಡಿಸ್ಕೂ ಇಂತಹ ದಾಳಿಗೆ ತುತ್ತಾಗುತ್ತದೆ. ಆದ್ದರಿಂದ ಹೊರಗಿನ ಎರಡು ಡಿಸ್ಕುಗಳನ್ನು ಇಟ್ಟುಕೊಂಡು, ದಿನಬಿಟ್ಟು ದಿನ ಅದಲುಬದಲು ಮಾಡಿ, ಜೋಡಿಸದೆ ಉಳಿದುದನ್ನು ತಾರಿಹಾಳದ ಕಾರ್ಖಾನೆಯ ತಿಜೋರಿಗೆ ಒಯ್ಯಬೇಕು. ಗೋಪನಕೊಪ್ಪದ ಕಟ್ಟಡಕ್ಕೆ ಬೆಂಕಿ ತಗುಲಿದರೂ ಕಳ್ಳತನವಾದರೂ ಒಂದು ಪ್ರತಿ ಉಳಿಯುತ್ತದೆ. ಕಂಪನಿಗಳಾದರೆ ಇದರೊಡನೆ ಮೇಲೆ ಹೇಳಿದ ದಿನದ ಬ್ಯಾಕಪ್ಪನ್ನೂ ಪಾಲಿಸಬೇಕು.

ಪ್ರತಿ ಅಮಾವಾಸ್ಯೆಗೆ ಅಂಗಡಿಯ ಪೂಜೆ ಮಾಡುವವರು ಅದೇ ದಿನ ಆ ಡಿಸ್ಕನ್ನು ತರಿಸಿ, ಜಾಲದಿಂದ ಬೇರ್ಪಡಿಸಿದ ಒಂದು ಯಂತ್ರದಲ್ಲಿ ಲೆಕ್ಕವನ್ನು ಮರುಸ್ಥಾಪಿಸಿ, ಹಿಂದಿನ ವಾರದ ಒಂದು ಬಿಲ್ಲು ತೆರೆಯುವುದೇ ಎಂದು ನೋಡಬೇಕು. ಅದಕ್ಕೆ ತಗುಲಿದ ಸಮಯವನ್ನು ಬರೆದಿಟ್ಟುಕೊಂಡರೆ, ಮೊದಲಿಗೆ ಮಾರಾಟಗಾರರಿಂದ ಪಡೆದ ಲಿಖಿತ ಉತ್ತರದೊಡನೆ ಹೋಲಿಸಬಹುದು.