ಹಿತ್ತಲ ಕೋಳಿ ಮಂಕಾದಾಗ ಮನೆಯಲ್ಲಿ ಮಾಡಬೇಕಾದುದೇನು?

ಬೆಳಗ್ಗೆ ಗೂಡಿನ ಬಾಗಿಲು ತೆಗೆದೊಡನೆ ಕೋಳಿಗಳೆಲ್ಲ ತಿಪ್ಪೆಯತ್ತ ಓಡುತ್ತವೆ. ಒಂದು ಹೇಂಟೆ ಮಾತ್ರ ಮೂಲೆಯಲ್ಲಿ ಗರಿ ಕೆದರಿ, ಕಣ್ಣು ಮುಚ್ಚಿ ನಿಂತಿರುತ್ತದೆ. ತಳಿ, ದೇಂಕಣಿಕೋಟೆ, ಕೆಲಮಂಗಲ, ಶೂಲಗಿರಿಯ ಕಡೆ ಕೋಳಿ ಸಾಕಿದ ಮನೆಗಳಲ್ಲಿ ಇದನ್ನು ಕಾಣದವರಿಲ್ಲ. ಆಗ ಎರಡು ಮಾತು ಕೇಳಿಬರುತ್ತವೆ. “ಸಾಯುವ ಮೊದಲೇ ಕೊಯ್ದುಬಿಡಿ” ಎಂಬುದು ಒಂದು. “ನಾಳೆಯ ಸಂತೆಗೆ ಹಾಕಿಬಿಡಿ” ಎಂಬುದು ಇನ್ನೊಂದು. ಎರಡೂ ತಪ್ಪು. ಏಕೆ ತಪ್ಪು, ಅದರ ಬದಲು ಏನು ಮಾಡಬೇಕು ಎಂಬುದೇ ಈ ವಾರದ ಪಾಠ.

೧. ಮೊದಲ ಕೆಲಸ: ಬೇರೆ ಇಡುವುದು

ಮಂಕಾದ ಕೋಳಿಯನ್ನು ಕೂಡಲೇ ಮಂದೆಯಿಂದ ಬೇರ್ಪಡಿಸಿ. ಗಾಳಿ ಬೀಸದ ಮೂಲೆಯಲ್ಲಿ ಒಣಹುಲ್ಲು ಹಾಸಿ ಮಂಕರಿ ಕವುಚಿದರೆ ಸಾಕು. ಕೋಳಿಯ ಮೈಬಿಸಿ ನಮ್ಮದಕ್ಕಿಂತ ಹೆಚ್ಚು. ಕಾಯಿಲೆಯಲ್ಲಿ ಮೇವು ಬಿಟ್ಟಾಗ ಆ ಬಿಸಿಯನ್ನು ಉಳಿಸಿಕೊಳ್ಳುವುದು ಅದಕ್ಕೆ ಕಷ್ಟ. ಆದುದರಿಂದ ಚಳಿಯ ದಿನಗಳಲ್ಲಿ ಬಿಸಿನೀರಿನ ಸೀಸೆಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಇದರ ನೀರಿನ ಬಟ್ಟಲು ಬೇರೆ ಇರಲಿ. ಒಳ್ಳೆಯ ಕೋಳಿಗಳ ಕೆಲಸ ಮುಗಿಸಿ, ಕೊನೆಯಲ್ಲಿ ಇದನ್ನು ಮುಟ್ಟಿ, ಸೋಪಿನಿಂದ ಕೈ ತೊಳೆಯಿರಿ.

೨. ನೀರು ಮೊದಲು, ಮೇವು ಆಮೇಲೆ

ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಒಂದು ದೊಡ್ಡ ಚಮಚ ಬೆಲ್ಲ, ಕಾಲು ಚಿಕ್ಕ ಚಮಚ ಉಪ್ಪು ಸೇರಿಸಿ ಒಂದು ದಿನ ಕುಡಿಯಲು ಇಡಿ. ಉಪ್ಪು ಹೆಚ್ಚಾದರೆ ಕೋಳಿಗೆ ವಿಷವಾದೀತು. ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಬಿಟ್ಟು ನುಂಗಲು ಬಿಡಿ. ಬಾಯಿ ತೆರೆದು ನೀರು ಸುರಿಯಬಾರದು. ಉಸಿರು ನಾಳದ ಬಾಯಿ ನಾಲಗೆಯ ಹಿಂದೆಯೇ ಇರುವುದರಿಂದ ನೀರು ಶ್ವಾಸಕೋಶಕ್ಕೆ ಹೋಗಿ ಕೋಳಿ ಸಾಯುತ್ತದೆ. ಚೇತರಿಕೆ ಕಂಡ ಮೇಲೆ ತೆಳ್ಳನೆಯ ರಾಗಿ ಗಂಜಿ, ಬೇಯಿಸಿದ ಮೊಟ್ಟೆಯ ಪುಡಿ ಕೊಡಿ. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಮನುಷ್ಯರ ಮಾತ್ರೆ ಇವು ಬೇಡವೇ ಬೇಡ.

೩. ಮೈ ನೋಡಿ ರೋಗ ತಿಳಿಯಿರಿ

ರೆಕ್ಕೆಯ ಅಡಿ ಮತ್ತು ಗುದದ ಸುತ್ತ ಗರಿ ಬಿಡಿಸಿ ನೋಡಿ. ಹೇನು ಹರಿದಾಡುತ್ತಿದ್ದರೆ ಒಲೆಯ ಬೂದಿಗೆ ಬೇವಿನ ಎಲೆಯ ಪುಡಿ ಬೆರೆಸಿ ಹೊರಳಾಡಲು ಗುಂಡಿ ಮಾಡಿಕೊಡಿ. ಕಾಲಿನ ಹುರುಪೆ ಎದ್ದು ದಪ್ಪಗಾಗಿದ್ದರೆ ಅದು ನುಸಿಯ ಕಾಟ. ಬೆಚ್ಚನೆಯ ನೀರಿನಲ್ಲಿ ನೆನಸಿ ಕೊಬ್ಬರಿ ಎಣ್ಣೆ ಹಚ್ಚಿ, ಕೆಲವು ವಾರ ಹಾಗೆಯೇ ಮುಂದುವರಿಸಿ.

ಜುಟ್ಟಿನ ಮೇಲೂ ಮುಖದ ಮೇಲೂ ಕಪ್ಪು ಹಕ್ಕಳೆ ಗುಳ್ಳೆಗಳಿದ್ದರೆ ಅದು ಕೋಳಿ ಸಿಡುಬು. ಇದನ್ನು ಸೊಳ್ಳೆಗಳು ಹರಡುತ್ತವೆ. ಅರಿಸಿನ ಮತ್ತು ಬೇವಿನ ಎಲೆ ಅರೆದು ಎಣ್ಣೆಯಲ್ಲಿ ಕಲಸಿ ಹಚ್ಚಿ, ಕಣ್ಣುಗಳನ್ನು ಶುಚಿಯಾಗಿಡಿ. ಹೆಚ್ಚಿನವು ಮೂರು ನಾಲ್ಕು ವಾರಗಳಲ್ಲಿ ಗುಣವಾಗುತ್ತವೆ. ಬಾಯೊಳಗೆ ಹಳದಿ ಪೊರೆ ಕಟ್ಟಿದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು.

ಹೇಂಟೆ ಮತ್ತೆ ಮತ್ತೆ ಮುಕ್ಕುತ್ತಾ, ಬಾಲ ತಗ್ಗಿಸಿ ನಿಂತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಹೊಟ್ಟೆ ಮುಳುಗುವಷ್ಟು ಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ಕೂರಿಸಿ, ಒರೆಸಿ, ಕತ್ತಲೆಯ ಮಂಕರಿಯಲ್ಲಿಡಿ. ಒತ್ತಿ ಮೊಟ್ಟೆ ಒಡೆಯಬೇಡಿ. ಅರ್ಧ ದಿನ ಕಳೆದರೂ ಬಾರದಿದ್ದರೆ ಆಸ್ಪತ್ರೆಗೆ ಒಯ್ಯಿರಿ.

೪. ಮನೆಮದ್ದಿಗೆ ಬಗ್ಗದ ಕೊಕ್ಕರೆ ರೋಗ

ಹಸುರು ಬಿಳಿ ಬೆರೆತ ನೀರು ಹಿಕ್ಕೆ, ಬಾಯಿ ತೆರೆದು ಏದುಸಿರು, ಆಮೇಲೆ ಕತ್ತು ತಿರುಚಿ ರೆಕ್ಕೆ ಕಾಲು ಬೀಳುವುದು: ಇದು ಕೊಕ್ಕರೆ ರೋಗ. ೧೯೨೬ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಜಾವಾ ದ್ವೀಪದಲ್ಲಿಯೂ ಇದನ್ನು ಗುರುತಿಸಿದರು. ನಮ್ಮ ದೇಶದಲ್ಲಿ ಕುಮಾವೂನ್ ಬೆಟ್ಟದ ರಾಣಿಖೇತದಲ್ಲಿ ಕಂಡುದರಿಂದ ರಾಣಿಖೇತ್ ರೋಗ ಎಂಬ ಹೆಸರು ಬಂದಿತು. ಇದಕ್ಕೆ ಔಷಧವಿಲ್ಲ. ಒಂದು ಕೋಳಿಯಿಂದ ಕೆಲವೇ ದಿನಗಳಲ್ಲಿ ಇಡೀ ಬೀದಿಯ ಗೂಡುಗಳು ಬರಿದಾಗುತ್ತವೆ.

ಸಂತೆಗೆ ಹಾಕುವುದು ಏಕೆ ತಪ್ಪೆಂಬುದು ಇಲ್ಲಿ ತಿಳಿಯುತ್ತದೆ. ನೀವು ಮಾರಿದ ಕೋಳಿ ಕೊಂಡವನ ಹಿತ್ತಲಿಗೆ ರೋಗವನ್ನೇ ಒಯ್ಯುತ್ತದೆ. ಮುಂದಿನ ವಾರ ಅದೇ ಸಂತೆಯಿಂದ ನೀವು ತಂದ ಕೋಳಿಯೊಡನೆ ಅದು ತಿರುಗಿ ಬರುತ್ತದೆ. ಸಂತೆಯಿಂದ ತಂದುದನ್ನು ಎರಡು ವಾರ ಬೇರೆ ಇಡುವುದು ಕ್ಷೇಮ. ಕೊಯ್ದರೆ ರಕ್ತ, ಗರಿ, ಕರುಳುಗಳೇ ರೋಗ ಹರಡುತ್ತವೆ. ಸತ್ತದ್ದನ್ನು ಹಳ್ಳಕ್ಕಾಗಲಿ ದಕ್ಷಿಣ ಪಿನಾಕಿನಿಗಾಗಲಿ ಎಸೆಯದೆ, ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿರಿ.

೫. ತಡೆಯುವ ಉಪಾಯ

ಮರಿಗೆ ಏಳನೆಯ ದಿನ ಕಣ್ಣಿಗೆ ಅಥವಾ ಮೂಗಿಗೆ ಹನಿ ಲಸಿಕೆ, ನಾಲ್ಕನೆಯ ವಾರ ಮತ್ತೊಮ್ಮೆ, ಎಂಟು ವಾರ ದಾಟಿದ ಮೇಲೆ ರೆಕ್ಕೆಯ ಅಡಿ ಚುಚ್ಚುಮದ್ದು. ಹಿಡಿಯಲು ಸಿಗದ ಕೋಳಿಗಳಿಗಾಗಿ ಮೇವಿನಂತೆ ತಿನ್ನಿಸುವ ಗುಳಿಗೆ ಲಸಿಕೆಯನ್ನು ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾನಿಲಯದವರು ರೂಪಿಸಿದ್ದಾರೆ. ಚುಚ್ಚುಮದ್ದಿನ ಸೀಸೆ ಸಾಮಾನ್ಯವಾಗಿ ನೂರು ಕೋಳಿಗಳಿಗೆ ಆಗುವಷ್ಟಿರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಮನೆಯ ಹತ್ತು ಕೋಳಿಗೆ ಸೀಸೆ ಒಡೆದರೆ ಉಳಿದದ್ದು ವ್ಯರ್ಥ. ಹತ್ತು ಮನೆಯವರು ಒಂದೇ ಬೆಳಗ್ಗೆ ಸೇರಿದರೆ ಬೀದಿಗೆ ಬೀದಿಯೇ ಉಳಿಯುತ್ತದೆ. ಮಂಕಾದ ಕೋಳಿಗೆ ಮಾತ್ರ ಲಸಿಕೆ ಹಾಕಿಸಬೇಡಿ.

ಕನ್ನಡ ಮಾತ್ರ ಓದಬಲ್ಲವರಿಗೆ ಒಂದು ಮಾತು. ಆಸ್ಪತ್ರೆಯ ಹಲಗೆಯಲ್ಲಿ ‘ಕಾಲ್ನಡೈ ಮರುಂದಗಂ’ ಎಂದಿದ್ದರೆ ಅದೇ ನಮ್ಮ ಪಶು ಚಿಕಿತ್ಸಾಲಯ. ಕೊಕ್ಕರೆ ರೋಗಕ್ಕೆ ತಮಿಳಿನಲ್ಲಿ ‘ವೆಳ್ಳೈ ಕಳಿಚ್ಚಲ್’, ಸಿಡುಬಿಗೆ ‘ಅಮ್ಮೈ’, ಲಸಿಕೆಗೆ ‘ತಡುಪ್ಪೂಸಿ’ ಎನ್ನುತ್ತಾರೆ. ಇಷ್ಟು ತಿಳಿದಿದ್ದರೆ ಸಂಕೋಚವಿಲ್ಲದೆ ಕೇಳಬಹುದು. ಹೊಸೂರಿನ ಮತ್ತಿಗಿರಿಯಲ್ಲಿ ಕೋಳಿ ಸಾಕಣೆಯ ಕಾಲೇಜೂ ಇದೆ.

ಕೊನೆಯದಾಗಿ ಒಂದು ಎಚ್ಚರಿಕೆ. ೨೦೧೨ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಸರ್ಕಾರಿ ಕೇಂದ್ರದಲ್ಲಿಯೇ ಹಕ್ಕಿಜ್ವರ ಕಾಣಿಸಿತ್ತು. ಅದು ನಮಗೆ ದೂರದ ಊರಲ್ಲ. ಕೋಳಿಗಳು ಒಟ್ಟೊಟ್ಟಿಗೆ ಸಾಯತೊಡಗಿದರೆ, ಜುಟ್ಟು ನೀಲಿಗಟ್ಟಿದರೆ, ಬರಿಗೈಯಿಂದ ಮುಟ್ಟದೆ, ಮಕ್ಕಳನ್ನು ದೂರವಿಟ್ಟು, ಅಂದೇ ಆಸ್ಪತ್ರೆಗೆ ತಿಳಿಸಿ.

ನೆನಪಿಡಿ: ಬೇರೆ ಇಡಿ, ಬೆಚ್ಚಗಿಡಿ, ನೀರು ಕೊಡಿ, ಮೈ ನೋಡಿ. ಮಾರಬೇಡಿ, ಕೊಯ್ಯಬೇಡಿ. ಒಂದು ಹೇಂಟೆ ಸತ್ತರೆ ಮನೆಯಾಕೆಯ ಮೊಟ್ಟೆಯ ಕಾಸು ಹೋಯಿತು, ನಿಜ. ಆದರೆ ಆ ಕಾಸನ್ನು ಉಳಿಸಲು ಹೋಗಿ ನೆರೆಮನೆಯಾಕೆಯ ಗೂಡನ್ನೂ ಬರಿದು ಮಾಡಬಾರದು.