ಅಧಿಕಾರಕ್ಕೆ ಒಳಪಟ್ಟವರು

(ಓದತಕ್ಕ ವೇದಭಾಗ: ಲೂಕ 7:1–10)

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ,

ಶಾಲೆಯಲ್ಲಿದ್ದಾಗ ಗಂಟೆಯ ಶಬ್ದಕ್ಕೆ ಏಳುವುದೂ ಪ್ರಾರ್ಥನೆಗೆ ಸೇರುವುದೂ ನಿಮಗೆ ರೂಢಿಯಾಗಿತ್ತು. ಈಗ ನಿಮ್ಮಲ್ಲಿ ಅನೇಕರು ಗೃಹಿಣಿಯರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿ, ಇತರರಿಗೆ ಅಪ್ಪಣೆ ಕೊಡುವ ಸ್ಥಾನದಲ್ಲಿದ್ದೀರಿ. ಅಪ್ಪಣೆ ಕೊಡುವವರಿಗೆ ವಿಧೇಯತೆಯ ಪಾಠವು ಮುಗಿಯಿತೋ? ಕಪೆರ್ನೌಮಿನ ಶತಾಧಿಪತಿಯು ಇದಕ್ಕೆ ಉತ್ತರ ಕೊಡುತ್ತಾನೆ.

ಕಪೆರ್ನೌಮು ಗಲಿಲಾಯ ಸಮುದ್ರದ ಉತ್ತರ ತೀರದಲ್ಲಿದ್ದ ಊರು. ಶತಾಧಿಪತಿಯೆಂದರೆ ಸುಮಾರು ನೂರು ಮಂದಿ ಸಿಪಾಯಿಗಳ ಮೇಲಣ ಅಧಿಕಾರಿ. ಇವನು ಅನ್ಯಜನಾಂಗದವನಾದರೂ ಯೆಹೂದ್ಯರಿಗೆ ಸಭಾಮಂದಿರವನ್ನು ಕಟ್ಟಿಸಿಕೊಟ್ಟವನು. ತನ್ನ ಆಳು ಸಾಯುವ ಸ್ಥಿತಿಯಲ್ಲಿರಲು, ಯೆಹೂದ್ಯರ ಹಿರಿಯರನ್ನು ಯೇಸುವಿನ ಬಳಿಗೆ ಕಳುಹಿಸಿದನು. ಅವರು ಇವನು ಯೋಗ್ಯನೆಂದು ಶಿಫಾರಸು ಮಾಡಿದರು. ಇವನಾದರೋ, ಕರ್ತನು ತನ್ನ ಮನೆಗೆ ಬರುವಷ್ಟು ಯೋಗ್ಯತೆ ತನಗಿಲ್ಲವೆಂದು ಹೇಳಿಕಳುಹಿಸಿ, ಒಂದು ಮಾತನ್ನು ಮಾತ್ರ ಬೇಡಿಕೊಂಡನು.

ಒಂದನೆಯದಾಗಿ, ಅವನು ತನ್ನ ಕೈಕೆಳಗಣ ಸಿಪಾಯಿಗಳ ವಿಷಯವನ್ನು ಎತ್ತುವುದಕ್ಕೆ ಮುಂಚೆಯೇ ತಾನೂ ಮತ್ತೊಬ್ಬರ ಅಧಿಕಾರದ ಕೆಳಗಿರುವವನೆಂದು ಒಪ್ಪಿಕೊಂಡನು. ಮೇಲಿನವರಿಗೆ ಒಳಪಡದ ಸೇನಾಧಿಕಾರಿಯ ಅಪ್ಪಣೆಗೆ ಬಲವೆಲ್ಲಿ? ತಾಯಿಯ ಮಾತಿಗೂ ಉಪಾಧ್ಯಾಯಿನಿಯ ಮಾತಿಗೂ ಇದೇ ನಿಯಮವುಂಟು.

ಎರಡನೆಯದಾಗಿ, ವಾಸಿಮಾಡುವ ವಿಧಾನವನ್ನು ಅವನು ಕರ್ತನಿಗೆ ಬಿಟ್ಟುಬಿಟ್ಟನು. ನಾವಾದರೋ ಮಗಳ ವಿವಾಹ, ಮಗನ ಪರೀಕ್ಷೆ, ಗಂಡನ ಉದ್ಯೋಗ ಇವುಗಳನ್ನು ಹೀಗೆಯೇ ನಡಿಸಬೇಕೆಂದು ಮೊದಲು ನಿಶ್ಚಯಿಸಿ, ಆಮೇಲೆ ಮೊಣಕಾಲೂರುತ್ತೇವೆ.

ಮೂರನೆಯದಾಗಿ, ತನಗಿದ್ದ ಗೌರವವನ್ನು ಅವನು ಒಬ್ಬ ಆಳಿನ ಪ್ರಾಣಕ್ಕಾಗಿ ಉಪಯೋಗಿಸಿದನು. ನಮ್ಮ ಮನೆಗೆಲಸದವರು ಕಾಯಿಲೆ ಬಿದ್ದಾಗ ನಮ್ಮ ಭಕ್ತಿಯ ಪರೀಕ್ಷೆಯಾಗುತ್ತದೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ನಾವು ಉಪಾಧ್ಯಾಯಿನಿಯಾಗಿ ಹೊಸದಾಗಿ ಸೇರಿದ್ದ ಕಾಲ. ಬೆಳಗಿನ ಪ್ರಾರ್ಥನೆಗೆ ತಡವಾಗಿ ಬಂದ ಹುಡುಗಿಯೊಬ್ಬಳನ್ನು, ಕಾರಣವನ್ನು ಕೇಳದೆ, ತರಗತಿಯ ಮುಂದೆ ನಿಲ್ಲಿಸಿ ಗದರಿಸಿದೆವು. ಜ್ವರದಿಂದ ನರಳುತ್ತಿದ್ದ ಚಿಕ್ಕವಳೊಬ್ಬಳ ಬಳಿ ಅವಳು ರಾತ್ರಿಯೆಲ್ಲಾ ಕೂತಿದ್ದಳೆಂಬುದು ಸಂಜೆಗೆ ತಿಳಿಯಿತು. ಮಗುವಿನ ಮುಂದೆ ತಪ್ಪೊಪ್ಪಿದರೆ ನಮ್ಮ ಪದವಿಗೆ ಕುಂದೆಂದು ಮನಸ್ಸು ಹಿಂಜರಿಯಿತು. ಆ ರಾತ್ರಿ ಪ್ರಾರ್ಥಿಸಲಾರದೆ ಹೋದೆವು. ಮರುದಿನ ಅದೇ ತರಗತಿಯ ಮುಂದೆ ಅವಳ ಕ್ಷಮೆ ಕೇಳಿದೆವು. ಪಾಠವು ಎಂದಿನಂತೆ ನಡೆಯಿತು. ಮಕ್ಕಳ ಗೌರವವೇನೂ ಕಡಮೆಯಾಗಲಿಲ್ಲ.

ದೇವರಿಗೆ ಒಳಪಡುವುದೆಂದರೆ ಮನುಷ್ಯರ ಅನ್ಯಾಯಕ್ಕೆಲ್ಲಾ ತಲೆಬಾಗುವುದೆಂದು ತಿಳಿಯಬಾರದು. ಹಿರೀಸಭೆಯ ಮುಂದೆ ಪೇತ್ರ ಯೋಹಾನರು ಯಾರಿಗೆ ವಿಧೇಯರಾದರೆಂಬುದನ್ನು ಅಪೊಸ್ತಲರ ಕೃತ್ಯಗಳ 4ನೆಯ ಅಧ್ಯಾಯದಲ್ಲಿ ಓದಿರಿ.

ಯೇಸುವು ಆಶ್ಚರ್ಯಪಟ್ಟನೆಂದು ಸುವಾರ್ತೆಗಳಲ್ಲಿ ಎರಡೇ ಸಂದರ್ಭಗಳಲ್ಲಿ ಬರೆದಿದೆ: ಸ್ವಂತ ಊರಿನವರ ಅಪನಂಬಿಕೆಯನ್ನು ಕಂಡು ಒಮ್ಮೆ, ಈ ಪರಕೀಯನ ನಂಬಿಕೆಯನ್ನು ಕಂಡು ಒಮ್ಮೆ. ಕ್ರೈಸ್ತ ಮನೆಯಲ್ಲಿ ಹುಟ್ಟಿ, ಕ್ರೈಸ್ತ ಶಾಲೆಯಲ್ಲಿ ಬೆಳೆದ ನಮ್ಮನ್ನು ಕಂಡು ಆತನು ಯಾವ ಕಾರಣಕ್ಕಾಗಿ ಆಶ್ಚರ್ಯಪಡುವನು? ಪೋಷಕರೇ, ಮಕ್ಕಳಿಗೆ ವಿಧೇಯತೆಯನ್ನು ಬೋಧಿಸುವ ಮುಂಚೆ ನಾವು ಯಾರ ಮಾತಿಗೆ ಕಾಯುತ್ತೇವೆಂಬುದನ್ನು ಅವರು ನೋಡಲಿ. ಪ್ರಿಯ ವಿದ್ಯಾರ್ಥಿನಿಯರೇ, ಶಾಲೆಯ ಗಂಟೆ ನಿಮಗೆ ಇನ್ನು ಕೇಳಿಸದಿದ್ದರೂ, ದಿನದ ಮೊದಲ ಅಪ್ಪಣೆಯನ್ನು ಕರ್ತನಿಂದಲೇ ಪಡೆಯಿರಿ. ಆತನ ಕೃಪೆಯು ನಿಮ್ಮೆಲ್ಲರ ಸಂಗಡ ಇರಲಿ.